ಹಿಮ ಕಡಿಮೆ ಇದ್ದಾಗಲೇ ಕಾಲು ಜಾಸ್ತಿ ಜಾರುತ್ತದೆ

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಇನ್ನು ಹತ್ತು ದಿನ ಇರುವಾಗ ಪಕ್ಕದ ಮನೆಯ ಹುಡುಗ ಮೂವರು ಗೆಳೆಯರನ್ನು ಕರೆದುಕೊಂಡು ನಮ್ಮ ಜಗಲಿಗೆ ಬಂದ. ನಾಪೋಕ್ಲಿನಲ್ಲಿ ಸಂಜೆ ಆರಕ್ಕೇ ಚಳಿ ಶುರುವಾಗಿತ್ತು. ಎಲ್ಲರ ಮೊಬೈಲಿನಲ್ಲೂ ಒಂದೇ ಫೋಟೊ. ಬಿಳಿ ಗುಡ್ಡ, ನೀಲಿ ಆಕಾಶ, ಬಣ್ಣದ ಜಾಕೆಟ್ ಹಾಕಿಕೊಂಡ ಜನ.

"ಅಣ್ಣ, ಹುತ್ತರಿ ಮುಗಿದ ಮಾರನೆ ವಾರ ಉತ್ತರಾಖಂಡದ ಕೇದಾರಕಂಠ ಬೆಟ್ಟ ಹತ್ತೋಕೆ ಹೋಗ್ತಾ ಇದ್ದೇವೆ. ಆಗಷ್ಟೇ ಹಿಮ ಬೀಳೋಕೆ ಶುರು ಆಗಿರ್ತದಂತೆ. ಜನವರಿಯಷ್ಟು ಇರೋದಿಲ್ಲ. ಹಾಗಾಗಿ ಸುಲಭ, ಅಲ್ವಾ?"

ಅಲ್ಲ ಅಂದೆ. ಯಾಕೆ ಅಲ್ಲ ಅಂತ ಹೇಳಿ ಮುಗಿಸುವಷ್ಟರಲ್ಲಿ ಎರಡು ಸಲ ಕಾಫಿ ಆಯಿತು. ಆವತ್ತು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಕೊಡಗಿನಿಂದ ವರ್ಷವರ್ಷ ಉತ್ತರಾಖಂಡದ ಕಡೆ ಹೊರಡುವವರು ಜಾಸ್ತಿ ಆಗುತ್ತಿದ್ದಾರೆ. ಬೆಟ್ಟ ಹತ್ತುವುದು ನಮಗೆ ಹೊಸದಲ್ಲ. ಹಿಮ ಮಾತ್ರ ಪೂರ್ತಿ ಹೊಸದು.

ಎಷ್ಟು ಹೊಸದು ಅಂದರೆ, ಅದಕ್ಕೆ ನಮ್ಮ ಬಾಯಲ್ಲಿ ಸರಿಯಾದ ಪದವೂ ಇಲ್ಲ. ಮಡಿಕೇರಿಯಲ್ಲಿ ರಸ್ತೆ ಕಾಣದ ಹಾಗೆ ಕವಿಯುವುದೂ ಮಂಜು, ಟಿವಿಯಲ್ಲಿ ಕಾಶ್ಮೀರದ ಮನೆಗಳ ಮೇಲೆ ಬೀಳುವುದೂ ಮಂಜು, ಫ್ರಿಜ್ಜಿನಲ್ಲಿ ಕಟ್ಟುವುದು ಮಂಜುಗಡ್ಡೆ. ನಮ್ಮ ಮಂಜು ನೀರಿನ ಸಣ್ಣ ಹನಿಗಳು, ಅಷ್ಟೆ. ನೆಲಕ್ಕೆ ಇಳಿದ ಮೋಡ ಅದು. ಮೈ ಒದ್ದೆ ಮಾಡುತ್ತದೆ, ದಾರಿ ಮರೆಸುತ್ತದೆ, ಆದರೆ ಕಾಲಡಿಯ ನೆಲವನ್ನು ಬದಲಾಯಿಸುವುದಿಲ್ಲ. ಹಿಮ ನೆಲವನ್ನೇ ಬದಲಾಯಿಸುತ್ತದೆ. ಬೆಳಿಗ್ಗೆ ಒಂದು ನೆಲ, ಮಧ್ಯಾಹ್ನ ಇನ್ನೊಂದು, ಸಂಜೆಗೆ ಮತ್ತೊಂದು. ಅದಕ್ಕೇ ಈ ಲೇಖನದಲ್ಲಿ ಮಂಜು ಅನ್ನುವ ಪದವನ್ನು ನಮ್ಮ ಮಡಿಕೇರಿಗೇ ಬಿಟ್ಟು, ಅಲ್ಲಿಯದನ್ನು ಹಿಮ ಅಂತಲೇ ಕರೆಯುತ್ತೇನೆ.

ನಮ್ಮಲ್ಲಿ ಹಿಮ ಯಾಕೆ ಬೀಳುವುದಿಲ್ಲ ಅನ್ನುವುದು ಮೊದಲು ಗೊತ್ತಿರಲಿ. ಒಂದು ಕಿಲೋಮೀಟರ್ ಮೇಲೆ ಹೋದರೆ ಗಾಳಿ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಮಂಗಳೂರಿನಲ್ಲಿ 30 ಡಿಗ್ರಿ ಇದ್ದ ದಿನ ಸೊನ್ನೆ ಡಿಗ್ರಿ ಸಿಗಬೇಕಾದರೆ ನಾಲ್ಕೂವರೆ ಕಿಲೋಮೀಟರಿಗಿಂತ ಮೇಲೆ ಹೋಗಬೇಕು. ನಮ್ಮ ಜಿಲ್ಲೆಯ ಅತಿ ಎತ್ತರದ ಜಾಗ ತಡಿಯಂಡಮೋಳ್, 1,748 ಮೀಟರ್. ಮೂರು ತಡಿಯಂಡಮೋಳನ್ನು ಒಂದರ ಮೇಲೊಂದು ಇಟ್ಟರೆ ನಿಶ್ಚಿಂತೆಯಾಗಿ ಹಿಮ ಕಾಣಬಹುದು. ಏಪ್ರಿಲಿನಲ್ಲಿ ಕಾಫಿ ಹೂವಿನ ಮೇಲೆ ಬಿದ್ದು ಹೊಟ್ಟೆ ಉರಿಸುವ ಆಲಿಕಲ್ಲು ಅಷ್ಟು ಎತ್ತರದ ಗುಡುಗು ಮೋಡದೊಳಗೆ ಕಟ್ಟಿ ಕೆಳಗೆ ಬರುವಂಥದ್ದು. ಅದು ಹಿಮದ ನೆಂಟ ಇರಬಹುದು, ಹಿಮ ಅಲ್ಲ.

ಕೇದಾರಕಂಠ ಇರುವುದು ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ. ಎತ್ತರ 12,500 ಅಡಿ, ಅಂದರೆ ಸುಮಾರು 3,800 ಮೀಟರ್. ಹತ್ತುವವರು ಹೊರಡುವ ಸಾಂಕ್ರಿ ಊರೇ 1,950 ಮೀಟರ್ ಆಸುಪಾಸಿನಲ್ಲಿದೆ. ನಮ್ಮ ತಡಿಯಂಡಮೋಳ್ ತುದಿ ಸಾಂಕ್ರಿಯ ಅಂಗಡಿ ಬೀದಿಗಿಂತ ಕೆಳಗೆ! ಸಾಂಕ್ರಿಯಿಂದ ತುದಿಗೆ 1,850 ಮೀಟರ್ ಏರು. ಆರೂವರೆಯ ಲೆಕ್ಕದಲ್ಲಿ ಅದು 12 ಡಿಗ್ರಿ ವ್ಯತ್ಯಾಸ. ಸಾಂಕ್ರಿಯಲ್ಲಿ ಮಧ್ಯಾಹ್ನ ಬಿಸಿಲು ಕಾಯಿಸುತ್ತಾ 8 ಡಿಗ್ರಿಯಲ್ಲಿ ಚಹಾ ಕುಡಿಯುವಾಗ ತುದಿಯಲ್ಲಿ ಮೈನಸ್ 4 ಇರುತ್ತದೆ. ರಾತ್ರಿಯದು ಬೇರೆಯೇ ಕಥೆ.

ಅಲ್ಲಿಯ ಚಳಿಗಾಲದ ಹಿಮ ನಮ್ಮ ಮುಂಗಾರಿನ ಹಾಗೆ ಸಮುದ್ರದಿಂದ ನೇರ ಬರುವುದಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಮೋಡಗಳ ತಂಡ ಬರುತ್ತದೆ. ಹವಾಮಾನದವರು ಇದನ್ನು ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುತ್ತಾರೆ. ಜೂನಿನಲ್ಲಿ ಮಳೆ ಹಿಡಿದರೆ ನಮಗೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಅದು ಹಾಗಲ್ಲ. ಬರುತ್ತದೆ, ಒಂದೆರಡು ದಿನ ಸುರಿಯುತ್ತದೆ, ಹೋಗುತ್ತದೆ. ಆಮೇಲೆ ಕೆಲವು ದಿನ ಕನ್ನಡಿಯಂಥ ಆಕಾಶ. ಫೋಟೊದಲ್ಲಿ ಕಾಣುವ ನೀಲಿ ಅದೇ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಇಂಥ ತಂಡಗಳು ಒಂದಾದ ಮೇಲೊಂದು ಬರುತ್ತಿರುತ್ತವೆ. ಡಿಸೆಂಬರ್ ಶುರುವಿನಲ್ಲಿ ಒಂದೋ ಎರಡೋ ಬಂದು ಹೋಗಿರುತ್ತವೆ. ಹಾಗಾಗಿ ನೆಲದ ಮೇಲೆ ಒಂದು ಗೇಣು, ಜಾಸ್ತಿ ಅಂದರೆ ಮೊಣಕಾಲಿನಷ್ಟು. ಇದೇ ಸೀಸನ್ ಆರಂಭದ ಹಿಮ.

ಹಿಮದ ಲೆಕ್ಕ ಒಂದು ಹೇಳುತ್ತೇನೆ, ಹುಡುಗರಿಗೂ ಇದೇ ಹಿಡಿಸಿದ್ದು. ಹೊಸದಾಗಿ ಬಿದ್ದ ಹತ್ತು ಸೆಂಟಿಮೀಟರ್ ಹಿಮ ಕರಗಿಸಿದರೆ ಸುಮಾರು ಒಂದು ಸೆಂಟಿಮೀಟರ್ ನೀರು. ಉಳಿದದ್ದೆಲ್ಲ ಗಾಳಿ. ಭಾಗಮಂಡಲದಲ್ಲಿ ಜುಲೈಯಲ್ಲಿ ಒಂದು ದಿನಕ್ಕೆ 100 ಮಿಲಿಮೀಟರ್ ಮಳೆ ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅದೇ ನೀರು ಹಿಮವಾಗಿ ಬಿದ್ದರೆ ಒಂದು ಮೀಟರ್, ಸೊಂಟದ ಮಟ್ಟ. ಇನ್ನೊಂದು ಕಡೆಯಿಂದ ನೋಡಿ. ಒಂದು ಗೇಣು ಹೊಸ ಹಿಮ ಅಂದರೆ ಎರಡು ಬೆರಳಿನಷ್ಟು ನೀರೂ ಇಲ್ಲ. ಅದು ನಿಮ್ಮ ಭಾರ ಹೊರುವುದಿಲ್ಲ. ಕಾಲಿಟ್ಟರೆ ನೇರ ಕಲ್ಲಿಗೆ ತಾಗುತ್ತದೆ. ಆದರೆ ಆ ಕಲ್ಲು ಎಲ್ಲಿದೆ ಅಂತ ಕಾಣಿಸದ ಹಾಗೆ ಮುಚ್ಚುವುದಕ್ಕೆ ಅಷ್ಟೇ ಸಾಕು.

ಮೊದಲ ಮಳೆಗೆ ನಮ್ಮ ರಸ್ತೆಯಲ್ಲಿ ಬೈಕು ಬೀಳುವುದನ್ನು ನೆನಪು ಮಾಡಿಕೊಳ್ಳಿ. ಜುಲೈಯಲ್ಲಿ ಧೋ ಅಂತ ಸುರಿಯುವಾಗ ಅಷ್ಟು ಬೀಳುವುದಿಲ್ಲ. ಮೊದಲ ಮಳೆಯ ನಾಲ್ಕು ಹನಿಗೆ ಧೂಳು, ಎಣ್ಣೆ ಎಲ್ಲ ಕಲಸಿ ರಸ್ತೆ ಸೋಪಿನ ಹಾಗೆ ಆಗುತ್ತದೆ. ಜೋರು ಮಳೆ ಅದನ್ನು ತೊಳೆದುಬಿಡುತ್ತದೆ. ಹಿಮದಲ್ಲೂ ಹೀಗೇ. ಜನವರಿ ಕೊನೆಗೆ ಮೀಟರುಗಟ್ಟಲೆ ಬಿದ್ದು, ಅದರ ಭಾರಕ್ಕೆ ಅದೇ ಒತ್ತಿ, ಜನ ನಡೆದು ನಡೆದು ಗಟ್ಟಿ ದಾರಿ ಆಗಿರುತ್ತದೆ. ಕಲ್ಲು, ಪೊದೆ, ಬಿದ್ದ ಮರ ಎಲ್ಲ ಆಳದಲ್ಲಿ ಹೂತು ಹೋಗಿರುತ್ತವೆ. ಆರಂಭದ ಹಿಮದಲ್ಲಿ ಅವೆಲ್ಲ ಬಿಳಿ ಬಟ್ಟೆಯ ಕೆಳಗೆ ಅಲ್ಲಲ್ಲೇ ಇರುತ್ತವೆ.

ನನಗೆ ಇದು ಗೊತ್ತಾದದ್ದು ಓದಿ ಅಲ್ಲ. ಕೆಲವು ವರ್ಷದ ಹಿಂದೆ ಡಿಸೆಂಬರ್ ಮೊದಲ ವಾರ ಅಲ್ಲಿಗೇ ಹೋಗಿದ್ದೆ. ಫೋಟೊ ತೆಗೆಯಲು ದಾರಿ ಬಿಟ್ಟು ಎರಡೇ ಹೆಜ್ಜೆ ಪಕ್ಕಕ್ಕೆ ಇಟ್ಟೆ. ಬಲಗಾಲು ತೊಡೆವರೆಗೆ ಕೆಳಗೆ ಹೋಯಿತು. ಎರಡು ಬಂಡೆಗಳ ಮಧ್ಯದ ಸಂದಿನ ಮೇಲೆ ಹಿಮ ಚಾಪೆ ಹಾಸಿದ ಹಾಗೆ ಕೂತಿತ್ತು, ಕೆಳಗೆ ಪೊಳ್ಳು. ಕಾಲು ಒಳಗೆ, ಮೈ ಮುಂದಕ್ಕೆ. ಮಂಡಿ ತಿರುಚಿತು. ಮೂಳೆ ಮುರಿಯದೆ ಇದ್ದದ್ದು ಪುಣ್ಯ. ಆ ವರ್ಷ ಅರೇಬಿಕಾ ಕೊಯ್ಲು ಪೂರ್ತಿ ನಾನು ಕುರ್ಚಿಯಲ್ಲಿ ಕೂತು ನೋಡಿದೆ, ಮನೆಯವರ ಮಾತು ಕೇಳಿದೆ. ಅದಕ್ಕೇ ಹೇಳುವುದು, ತೆಳು ಹಿಮದಲ್ಲಿ ಮುಂದಿನವರ ಹೆಜ್ಜೆಯಲ್ಲೇ ಹೆಜ್ಜೆ ಇಡಿ. ಬಂಡೆಯ ಅಂಚು, ಮರದ ಬುಡ, ಪೊದೆಯ ತುದಿ ಹೊರಗೆ ಕಾಣುವ ಜಾಗ, ಇಲ್ಲೆಲ್ಲ ಕೆಳಗೆ ಪೊಳ್ಳು ಇರುವುದು ಜಾಸ್ತಿ. ಸಂಶಯ ಬಂದರೆ ಮೊದಲು ಕೋಲು ಚುಚ್ಚಿ ನೋಡಿ. ಗದ್ದೆ ಬದುವಿನ ಮೇಲೆ ಕೆಸರಿನಲ್ಲಿ ನಡೆಯುವಾಗ ಅಜ್ಜಂದಿರು ಮಾಡುತ್ತಿದ್ದದ್ದೂ ಅದನ್ನೇ. ತೊರೆಗಳ ಹತ್ತಿರವಂತೂ ಇನ್ನೂ ಹುಷಾರು. ಮೇಲೆ ತೆಳ್ಳಗೆ ಐಸ್ ಕಟ್ಟಿ, ಅದರ ಮೇಲೆ ಹಿಮ ಬಿದ್ದು, ಕೆಳಗೆ ನೀರು ಹರಿಯುತ್ತಲೇ ಇರುತ್ತದೆ. ಜನವರಿಯಲ್ಲಿ ಹೊರುವ ಐಸ್ ಡಿಸೆಂಬರಿನಲ್ಲಿ ಹೊರುತ್ತದೆ ಅಂತ ನಂಬಬಾರದು.

ಈಗ ದಿನದ ಲೆಕ್ಕ. ಕೇದಾರಕಂಠದ ತುದಿಯಲ್ಲಿ ಸೂರ್ಯೋದಯ ನೋಡಬೇಕು ಅಂತ ಬೆಳಗಿನ ಜಾವ ಮೂರು, ನಾಲ್ಕು ಗಂಟೆಗೆ ಹೊರಡಿಸುತ್ತಾರೆ. ಆಗ ಹಿಂದಿನ ದಿನ ಕರಗಿದ್ದ ಹಿಮವೆಲ್ಲ ಮತ್ತೆ ಹೆಪ್ಪುಗಟ್ಟಿರುತ್ತದೆ. ಗಾಜಿನ ಹಾಗೆ ಗಟ್ಟಿ. ಎಷ್ಟೋ ಕಡೆ ಬರೀ ಬಂಡೆ ಅನ್ನಿಸುತ್ತದೆ, ಕಾಲಿಟ್ಟರೆ ಅದರ ಮೇಲೆ ಕಣ್ಣಿಗೆ ಕಾಣದ ಐಸಿನ ಲೇಪ. ಒಂಬತ್ತು, ಹತ್ತು ಗಂಟೆಗೆ ಬಿಸಿಲು ಬಿದ್ದ ಮೈಯಲ್ಲಿ ಮೇಲಿನ ಎರಡು ಇಂಚು ಮೆತ್ತಗಾಗುತ್ತದೆ, ನಡೆಯಲು ಅದು ಒಳ್ಳೆಯ ಹೊತ್ತು. ಮಧ್ಯಾಹ್ನಕ್ಕೆ ಪೂರ್ತಿ ಕೆಸರು. ತೆಳು ಹಿಮ ಬೇಗ ಕರಗಿ ಕೆಳಗಿನ ಮಣ್ಣು ಸೇರಿ ರಾಡಿಯಾಗುತ್ತದೆ, ಶೂ ಒಳಗೆ ನೀರು. ಮೂರು ಗಂಟೆಗೆ ನೆರಳು ಬಂತೋ, ಆ ರಾಡಿಯೇ ಮತ್ತೆ ಕಲ್ಲು. ಜನರ ಹೆಜ್ಜೆಗುರುತುಗಳೆಲ್ಲ ಐಸಿನ ಗುಂಡಿಗಳಾಗುತ್ತವೆ. ಬಿಸಿಲು ಬೀಳದ ಉತ್ತರದ ಮೈಯಲ್ಲಿ ಇಡೀ ದಿನ ಗಟ್ಟಿಯೇ. ಒಂದೇ ದಾರಿ, ಒಂದೇ ದಿನ, ನಾಲ್ಕು ತರಹದ ನೆಲ.

ಇದಕ್ಕೆ ಶೂ ತಳಕ್ಕೆ ಹಾಕುವ ಹಲ್ಲುಗಳು ಬೇಕು. ರಬ್ಬರ್ ಪಟ್ಟಿ, ಚೈನು, ಸಣ್ಣ ಮುಳ್ಳು ಇರುವಂಥದ್ದು ಮೈಕ್ರೋಸ್ಪೈಕ್ಸ್. ಕೇದಾರಕಂಠದಂಥ ದಾರಿಗೆ ಇದು ಸಾಕು. ಉದ್ದ ಹಲ್ಲಿನ ಕ್ರ್ಯಾಂಪಾನ್ ಕಡಿದಾದ ಐಸಿಗೆ. ಅದನ್ನು ಹಾಕಿ ನಡೆಯಲು ಕಲಿಯದಿದ್ದರೆ ನಿಮ್ಮ ಪ್ಯಾಂಟಿಗೇ ಸಿಕ್ಕಿ ಬೀಳುತ್ತೀರಿ. ನನ್ನ ಸಲ ಟ್ರೆಕ್ಕಿಂಗ್ ಕಂಪನಿಯವರು ಬಾಡಿಗೆಗೆ ಕೊಟ್ಟ ಸ್ಪೈಕ್ಸ್‌ನ ಮುಳ್ಳುಗಳು ಸವೆದು ಗುಂಡಗಾಗಿದ್ದವು, ಒಂದರ ರಬ್ಬರ್ ತುಂಡಾಗುವ ಹಂತದಲ್ಲಿತ್ತು. ಬೆಳಗಿನ ಜಾವ ಮೂರಕ್ಕೆ ಟಾರ್ಚ್ ಬೆಳಕಿನಲ್ಲಿ ಅದನ್ನು ನೋಡಿ ಏನು ಮಾಡುವುದು? ಸಾಂಕ್ರಿಯಲ್ಲೇ, ಹಗಲಿನಲ್ಲೇ, ನಿಮ್ಮ ಶೂಗೆ ಹಾಕಿ ಎಳೆದು ನೋಡಿ ತೆಗೆದುಕೊಳ್ಳಿ. ಇನ್ನೊಂದು, ಆರಂಭದ ಹಿಮದಲ್ಲಿ ಬರೀ ಕಲ್ಲು ಮತ್ತು ಹಿಮ ಬದಲಾಗುತ್ತಾ ಹೋಗುತ್ತದೆ. ಪ್ರತಿ ಸಲ ಬಿಚ್ಚಿ ಹಾಕುವುದು ಬೇಜಾರು ಅಂತ ಜನ ಬಿಚ್ಚಿಟ್ಟೇ ನಡೆಯುತ್ತಾರೆ. ಬೀಳುವುದು ಆಗಲೇ.

ಗೇಟರ್ ಅಂದರೆ ಏನಣ್ಣ ಅಂತ ಒಬ್ಬ ಕೇಳಿದ. ಇಂಬಳ (ಜಿಗಣೆ) ಹತ್ತದ ಹಾಗೆ ಮಳೆಗಾಲದಲ್ಲಿ ಮೊಣಕಾಲವರೆಗೆ ಹಾಕುವ ಬಟ್ಟೆಯ ಸಾಕ್ಸ್ ಇದೆಯಲ್ಲ, ಅದರ ಅಣ್ಣ. ಶೂ ಒಳಗೆ ಹಿಮ ಹೋಗದ ಹಾಗೆ ಕಾಪಾಡುತ್ತದೆ. ತೋಟದ ಗಂಬೂಟು ಸಾಕಾಗುವುದಿಲ್ಲವಾ ಅಂತ ಇನ್ನೊಬ್ಬ. ಸಾಕಾಗುವುದಿಲ್ಲ. ಹೊರಗಿನ ನೀರು ಬಿಡದ ಗಂಬೂಟು ಒಳಗಿನ ಬೆವರನ್ನೂ ಬಿಡುವುದಿಲ್ಲ. ರಬ್ಬರಿಗೆ ಚಳಿ ತಡೆಯುವ ಗುಣ ಇಲ್ಲ. ಒದ್ದೆ ಸಾಕ್ಸ್, ಮೈನಸ್ ಹತ್ತು ಡಿಗ್ರಿ, ಬೆರಳು ಮರಗಟ್ಟಲು ಇನ್ನೇನು ಬೇಕು?

ಇನ್ನು ಹಿಮಕುಸಿತ. ಎಲ್ಲಕ್ಕಿಂತ ಕಡಿಮೆ ಅರ್ಥವಾಗಿರುವುದು ಇದೇ. ಕಡಿಮೆ ಹಿಮ ಇದ್ದರೆ ಕುಸಿಯುವುದಕ್ಕೆ ಏನಿದೆ ಅಂತ ಅನ್ನಿಸುವುದು ಸಹಜ.

ಕಡುಬಿನ ಪಾತ್ರೆ ನೆನಪಿಸಿಕೊಳ್ಳಿ. ಕೆಳಗೆ ಬಿಸಿ, ಮೇಲೆ ತಣ್ಣನೆಯ ಮುಚ್ಚಳ. ಆವಿ ಮೇಲಕ್ಕೆ ಹೋಗಿ ಮುಚ್ಚಳದ ಒಳಮೈಯಲ್ಲಿ ಹನಿ ಕಟ್ಟುತ್ತದೆ. ಹಿಮ ಹೊದ್ದ ನೆಲದಲ್ಲೂ ಇದೇ ನಡೆಯುತ್ತದೆ, ಬಹಳ ನಿಧಾನವಾಗಿ. ನೆಲ ಬೇಸಿಗೆಯ ಬಿಸಿಯನ್ನು ಇನ್ನೂ ಇಟ್ಟುಕೊಂಡಿರುತ್ತದೆ. ಹಾಗಾಗಿ ಹಿಮದ ತಳ ಸುಮಾರು ಸೊನ್ನೆ ಡಿಗ್ರಿಯಲ್ಲೇ ಇರುತ್ತದೆ. ಮೋಡ ಇಲ್ಲದ ರಾತ್ರಿ ಹಿಮದ ಮೇಲ್ಮೈ ಮೈನಸ್ 15ಕ್ಕೆ ಇಳಿಯಬಹುದು. ಒಂದೂವರೆ ಮೀಟರ್ ದಪ್ಪ ಹಿಮ ಇದ್ದರೆ ಈ 15 ಡಿಗ್ರಿ ವ್ಯತ್ಯಾಸ ಅಷ್ಟು ದಪ್ಪಕ್ಕೆ ಹಂಚಿಹೋಗುತ್ತದೆ, ಹತ್ತು ಸೆಂಟಿಮೀಟರಿಗೆ ಒಂದು ಡಿಗ್ರಿ. ಬರೀ 20 ಸೆಂಟಿಮೀಟರ್ ಇದ್ದರೆ? ಹತ್ತು ಸೆಂಟಿಮೀಟರಿಗೆ ಏಳೂವರೆ ಡಿಗ್ರಿ. ಹತ್ತು ಸೆಂಟಿಮೀಟರಿಗೆ ಒಂದು ಡಿಗ್ರಿಗಿಂತ ವ್ಯತ್ಯಾಸ ಜಾಸ್ತಿಯಾದರೆ ಹಿಮದ ಕಣಗಳ ಆಕಾರವೇ ಬದಲಾಗಲು ಶುರುವಾಗುತ್ತದೆ. ಆವಿ ಕೆಳಗಿನಿಂದ ಮೇಲಕ್ಕೆ ಹರಿದು, ಒಂದಕ್ಕೊಂದು ಅಂಟಿಕೊಂಡಿದ್ದ ಕಣಗಳು ಬಿಡಿಬಿಡಿಯಾಗಿ, ಮೂಲೆ ಮೂಲೆಯ ದಪ್ಪ ಹರಳುಗಳಾಗುತ್ತವೆ. ಕೈಯಲ್ಲಿ ಹಿಡಿದರೆ ಸಕ್ಕರೆ. ಉಂಡೆ ಕಟ್ಟಲು ಬರುವುದಿಲ್ಲ.

ಸೀಸನ್ ಶುರುವಿನ ತೆಳು ಹಿಮ ಎರಡು ವಾರ ಹೀಗೆ ಬಿಸಿಲಿನ ಹಗಲು, ಕೊರೆಯುವ ರಾತ್ರಿಗಳಲ್ಲಿ ಕೂತರೆ ಪೂರ್ತಿ ಸಕ್ಕರೆಯಾಗುತ್ತದೆ. ಅದರ ಮೇಲೆ ಮುಂದಿನ ವೆಸ್ಟರ್ನ್ ಡಿಸ್ಟರ್ಬೆನ್ಸ್ ಅರ್ಧ ಮೀಟರ್ ಹೊಸ ಹಿಮ ಸುರಿಯುತ್ತದೆ. ಗಾಳಿ ಅದನ್ನು ಒತ್ತಿ ಹಲಗೆಯಂತೆ ಮಾಡುತ್ತದೆ. ಈಗ ಕಣದಲ್ಲಿ ಒಣಗಿಸಿದ ಕರಿಮೆಣಸಿನ ಮೇಲೆ ಹಲಗೆ ಇಟ್ಟು, ಆ ಕಣವನ್ನೇ ಓರೆ ಮಾಡಿ, ಹಲಗೆಯ ಮೇಲೆ ನೀವು ನಿಂತರೆ ಏನಾಗುತ್ತದೆ? ಹಿಮಕುಸಿತದಲ್ಲಿ ಆಗುವುದೂ ಅದೇ. ಜನ ಸಿಕ್ಕಿಹಾಕಿಕೊಳ್ಳುವ ಹಲಗೆ ಹಿಮಕುಸಿತಗಳಲ್ಲಿ ಬಹುಪಾಲು ಆ ಜನರ ಭಾರಕ್ಕೇ, ಇಲ್ಲವೇ ಅವರ ಜೊತೆಯವರ ಭಾರಕ್ಕೇ ಹೊರಡುವಂಥವು. ಯಾರೋ ಮೇಲಿನಿಂದ ತಳ್ಳಬೇಕಾಗಿಲ್ಲ.

ಎಷ್ಟು ಓರೆ ಇದ್ದರೆ ಅಪಾಯ? 30ರಿಂದ 45 ಡಿಗ್ರಿ. ಮನೆಯ ಸಾಮಾನ್ಯ ಮೆಟ್ಟಿಲು 30 ಡಿಗ್ರಿಗೆ ಹತ್ತಿರ ಇರುತ್ತದೆ. ಅಂದರೆ ಮೆಟ್ಟಿಲಿನಷ್ಟು, ಅದಕ್ಕಿಂತ ಸ್ವಲ್ಪ ಕಡಿದಾದ ತೆರೆದ ಇಳಿಜಾರು ಕಂಡರೆ ಯೋಚನೆ ಮಾಡಬೇಕು. ಬಹಳ ಕಡಿದಾದ ಕಡೆ ಹಿಮ ನಿಲ್ಲುವುದೇ ಇಲ್ಲ, ಆಗಾಗ ಉದುರಿ ಹೋಗುತ್ತದೆ. ನಡೆಯಲು ಸಲೀಸು ಅನ್ನಿಸುವ ಇಳಿಜಾರೇ ಮೋಸ ಮಾಡುವುದು. ಹಿಮದ ಒಳಗಿನಿಂದ ವುಂಫ್ ಅಂತ ಸದ್ದು ಬಂದರೆ, ಕಾಲಿನಿಂದ ಬಿರುಕು ಓಡಿದರೆ, ಹಿಂದಿನ ಒಂದೆರಡು ದಿನದಲ್ಲಿ ಜೋರು ಹಿಮ ಬಿದ್ದಿದ್ದರೆ ಅಂಥ ಜಾಗದ ಹತ್ತಿರ ಹೋಗಲೇಬಾರದು. ಸಿಕ್ಕಿಕೊಂಡವರನ್ನು ಹತ್ತು, ಹದಿನೈದು ನಿಮಿಷದೊಳಗೆ ತೆಗೆದರೆ ಬದುಕುವ ಸಾಧ್ಯತೆ ಚೆನ್ನಾಗಿರುತ್ತದೆ, ಆಮೇಲೆ ದಡದಡ ಇಳಿಯುತ್ತದೆ. ಊರಿನಿಂದ ಸಹಾಯ ಬರುವಷ್ಟು ಹೊತ್ತು ಇರುವುದಿಲ್ಲ.

ಕೇದಾರಕಂಠದ ಮಾಮೂಲಿ ದಾರಿ ಬಹುಪಾಲು ಕಾಡು, ಹುಲ್ಲುಗಾವಲು, ದಿಣ್ಣೆಯ ಮೇಲೆ ಹೋಗುತ್ತದೆ. ಅಷ್ಟರ ಮಟ್ಟಿಗೆ ಅದು ಒಳ್ಳೆಯ ಆಯ್ಕೆ. ಎಲ್ಲ ಬೆಟ್ಟವೂ ಹಾಗಿಲ್ಲ. 2022ರ ಅಕ್ಟೋಬರ್ 4ರಂದು ಅದೇ ಉತ್ತರಕಾಶಿ ಜಿಲ್ಲೆಯ ದ್ರೌಪದಿ ಕಾ ದಂಡಾ ಎರಡನೇ ಶಿಖರದಲ್ಲಿ ಹಿಮಕುಸಿತಕ್ಕೆ ನೆಹರೂ ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡವೇ ಸಿಕ್ಕಿತು, 29 ಜನ ತೀರಿಕೊಂಡರು. ಕಲಿಸುವವರೂ ಕಲಿಯುವವರೂ ಇದ್ದ ತಂಡ ಅದು. ಅದಕ್ಕೂ ಹಿಂದಿನ ವರ್ಷ, 2021ರ ಅಕ್ಟೋಬರಿನಲ್ಲಿ, ಹರ್ಸಿಲ್‌ನಿಂದ ಹಿಮಾಚಲದ ಚಿತ್ಕುಲ್ ಕಡೆ ಲಮ್‌ಖಾಗಾ ಪಾಸ್ ಅನ್ನುವ ಬೆಟ್ಟದ ಕಣಿವೆ ದಾರಿ ದಾಟಲು ಹೊರಟವರು ದಿಢೀರ್ ಹಿಮಕ್ಕೆ ಸಿಕ್ಕಿ ಸತ್ತರು. ನಮ್ಮಲ್ಲಿ ತಲಕಾವೇರಿಯ ತೀರ್ಥೋದ್ಭವ ನಡೆಯುತ್ತಿದ್ದ ಅದೇ ದಿನಗಳು. ಇಲ್ಲಿ ತುಲಾ ಸಂಕ್ರಮಣದ ಜಿಟಿಜಿಟಿ ಮಳೆ, ಅಲ್ಲಿ ಚಳಿಗಾಲಕ್ಕೂ ಮೊದಲೇ ಬಂದ ಹಿಮ.

ಹಿಮಕುಸಿತವೇ ಆಗಬೇಕು ಅಂತಿಲ್ಲ, ಗಾಳಿ ಮತ್ತು ಒದ್ದೆ ಸಾಕು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋದ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ತೀರಿಕೊಂಡದ್ದು ನಿಮಗೆಲ್ಲ ನೆನಪಿರಬಹುದು. ಜೂನ್ ಅಂದರೆ ಅಲ್ಲಿ ಬೇಸಿಗೆ! ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 20ರ ಹಾಗೆ. ಹಾಕಿದ ಬಟ್ಟೆ ಒದ್ದೆ ಇದ್ದರೆ ಇನ್ನೂ ಕೆಟ್ಟದು. ಇಲ್ಲಿ ನಮ್ಮ ಅಜ್ಜಂದಿರ ಕಂಬಳಿಯ ಬುದ್ಧಿ ಬಳಸಬೇಕು. ಉಣ್ಣೆ ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುತ್ತದೆ. ಹತ್ತಿ ಒದ್ದೆಯಾದರೆ ಮೈಯ ಬಿಸಿಯನ್ನು ಹೀರಿಬಿಡುತ್ತದೆ. ಹಾಗಾಗಿ ಬನಿಯನ್, ಜೀನ್ಸ್ ಬ್ಯಾಗಿಗೇ ಹಾಕಬೇಡಿ. ಮೈಗೆ ತಾಗಿ ಬೆವರು ಎಳೆಯುವ ತೆಳು ಬಟ್ಟೆ, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಹೊರಗೆ ಗಾಳಿ ನೀರು ತಡೆಯುವ ಜಾಕೆಟ್. ನಿಂತಾಗ ಹಾಕಲು ಒಂದು ದಪ್ಪ ಜಾಕೆಟ್ ಬೇರೆ. ನಡೆಯಲು ಶುರು ಮಾಡುವಾಗ ಸ್ವಲ್ಪ ಚಳಿ ಅನ್ನಿಸಬೇಕು. ಬೆಚ್ಚಗೆ ಹೊರಟವನು ಅರ್ಧ ಗಂಟೆಯಲ್ಲಿ ಬೆವರಿ ಒದ್ದೆಯಾಗುತ್ತಾನೆ.

ದೇಹದ ಒಳಗಿನ ಬಿಸಿ 35 ಡಿಗ್ರಿಗಿಂತ ಕೆಳಗೆ ಇಳಿದರೆ ಮೊದಲು ನಡುಕ. ಆಮೇಲೆ ಮಾತು ತೊದಲುವುದು, ಜಿಪ್ ಹಾಕಲು ಬಾರದ ಹಾಗೆ ಕೈ ತಡವರಿಸುವುದು, ಕಾಲು ಎಡವುವುದು. ಜೊತೆಯವನು ಕುಡಿದವನ ಹಾಗೆ ಆಡುತ್ತಿದ್ದಾನೆ ಅಂದರೆ ನಗಬೇಡಿ, ಒದ್ದೆ ಬಟ್ಟೆ ತೆಗೆಸಿ, ಒಣಗಿದ್ದು ಹಾಕಿಸಿ, ಗಾಳಿ ಇಲ್ಲದ ಕಡೆ ಕೂರಿಸಿ. ಎಚ್ಚರ ಇದ್ದರೆ ಬಿಸಿ, ಸಿಹಿ ಏನಾದರೂ ಕುಡಿಸಿ. ನಡುಕ ನಿಂತಿತು ಅಂದರೆ ಸುಧಾರಿಸಿತು ಅಂತ ತಿಳಿಯಬೇಡಿ, ದೇಹ ಕೈಚೆಲ್ಲಿದೆ ಅಂತ ಅರ್ಥ.

ಕುಡಿದವನ ಮಾತು ಬಂತು. ಕೊಡಗಿನವರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಚಳಿಗೆ ಒಂದು ಪೆಗ್ ಅನ್ನುವುದು ಅಲ್ಲಿ ನಡೆಯುವುದಿಲ್ಲ. ಮದ್ಯ ಚರ್ಮದ ರಕ್ತನಾಳಗಳನ್ನು ಅಗಲ ಮಾಡುತ್ತದೆ. ಒಳಗಿನ ಬಿಸಿ ರಕ್ತ ಹೊರಗೆ ಬರುವುದರಿಂದ ಬೆಚ್ಚಗೆ ಅನ್ನಿಸುತ್ತದೆ, ಆದರೆ ಆ ಬಿಸಿ ಹೊರಗೆ ಹೋಗಿಬಿಡುತ್ತದೆ. ಎತ್ತರದಲ್ಲಿ ನಿದ್ದೆಯ ಉಸಿರಾಟವನ್ನೂ ಕೆಡಿಸುತ್ತದೆ. ಇಳಿದು ಬಂದ ಮೇಲೆ ನಿಮ್ಮ ಇಷ್ಟ.

"ನಾವು ಬೆಟ್ಟದವರು, ನಮಗೆ ಎತ್ತರ ಏನೂ ಮಾಡಲ್ಲ" ಅಂದ ಹುಡುಗರಲ್ಲೊಬ್ಬ. ಮಡಿಕೇರಿ ಇರುವುದು 1,150 ಮೀಟರ್ ಆಸುಪಾಸಿನಲ್ಲಿ. ಸಮುದ್ರ ಮಟ್ಟದ ಗಾಳಿಯ ಒತ್ತಡಕ್ಕೆ ಹೋಲಿಸಿದರೆ ನಮಗೆ ನೂರಕ್ಕೆ ಸುಮಾರು 87 ಭಾಗ ಸಿಗುತ್ತದೆ. ಕೇದಾರಕಂಠದ ತುದಿಯಲ್ಲಿ ಸುಮಾರು 63. ಎತ್ತರದ ತೊಂದರೆ ಸಾಮಾನ್ಯವಾಗಿ ಶುರುವಾಗುವುದೇ 2,500 ಮೀಟರ್ ಮೇಲೆ. ಅಲ್ಲಿಗೆ ನಮ್ಮ ಬೆಟ್ಟದ ಬದುಕಿನ ಲಾಭ ತಲುಪುವುದಿಲ್ಲ. ಕಾಲಿನ ಶಕ್ತಿ ಇದ್ದರೆ ಬೇಗ ಹತ್ತುತ್ತೀರಿ, ಬೇಗ ಹತ್ತಿದರೆ ತಲೆನೋವು ಬೇಗ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು ಅನ್ನುವುದು ವೈದ್ಯರ ಲೆಕ್ಕ. ಸಾಂಕ್ರಿಯ ನಂತರ ರಾತ್ರಿ ಉಳಿಯುವ ಜೂಡಾ ಕಾ ತಾಲಾಬ್ ಸುಮಾರು 2,770 ಮೀಟರ್, ಅದರ ಮೇಲಿನ ಬೇಸ್ ಕ್ಯಾಂಪ್ ಸುಮಾರು 3,430. ನೋಡಿ, ಮಾಮೂಲಿ ಪ್ಲಾನ್‌ನಲ್ಲೇ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ ಇದೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ತಲೆನೋವಿನ ಜೊತೆ ವಾಕರಿಕೆ, ಸುಸ್ತು ಬಂದರೆ ಅಲ್ಲೇ ನಿಲ್ಲಿ. ಕೂತಾಗಲೂ ಏದುಸಿರು, ನೇರ ಗೆರೆಯಲ್ಲಿ ನಡೆಯಲು ಆಗದಿರುವುದು, ಇವು ಕಂಡರೆ ರಾತ್ರಿಯಾದರೂ ಕೆಳಗೆ ಇಳಿಸಬೇಕು. ಎತ್ತರದ ತೊಂದರೆಗೆ ತೆಗೆದುಕೊಳ್ಳುವ ಮಾತ್ರೆಯ ವಿಷಯ ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಕೇಳಿ, ಗೆಳೆಯನ ಹತ್ತಿರ ಅಲ್ಲ.

ಕಪ್ಪು ಕನ್ನಡಕ ಷೋಕಿಗೆ ಅಂತ ತಿಳಿಯಬೇಡಿ. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣದಲ್ಲಿ ನೂರಕ್ಕೆ 80 ಭಾಗದವರೆಗೂ ಮೇಲಕ್ಕೆ ಎಸೆಯುತ್ತದೆ. ಕಣ್ಣಿನಲ್ಲಿ ಮರಳು ಹಾಕಿದ ಹಾಗೆ ಉರಿ ಶುರುವಾಗುವುದು ಸಂಜೆಗೆ, ಆಗ ಏನೂ ಮಾಡಲು ಬರುವುದಿಲ್ಲ. ಮೊಬೈಲ್ ಬ್ಯಾಟರಿ ಚಳಿಗೆ ಬೇಗ ಸಾಯುತ್ತದೆ, ಒಳಜೇಬಿನಲ್ಲಿ ಇಡಿ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಿ, ಐಸ್ ಕಟ್ಟುವುದು ಮೇಲಿನಿಂದ.

ನಮ್ಮ ಊರಿಗೂ ಆರಂಭದ ಹಿಮಕ್ಕೂ ಹಳೆಯ ನಂಟೊಂದಿದೆ. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಕಾಶ್ಮೀರದಿಂದ ಲಡಾಖಿಗೆ ಹೋಗುವ ದಾರಿಯ ಜೋಜಿ ಲಾ ಪಾಸಿಗೆ ಟ್ಯಾಂಕು ಹತ್ತಿಸಿದ್ದು. ಎತ್ತರ 3,500 ಮೀಟರಿಗಿಂತ ಜಾಸ್ತಿ. ಹೆಚ್ಚುಕಡಿಮೆ ಕೇದಾರಕಂಠದ ಬೇಸ್ ಕ್ಯಾಂಪಿನ ಎತ್ತರವೇ. ಚಳಿಗಾಲ ಪೂರ್ತಿ ಬಂದು ಪಾಸ್ ಮುಚ್ಚಿಹೋಗುವ ಮೊದಲು ಲೇಹ್ ದಾರಿ ತೆರೆಯಬೇಕಿತ್ತು. ಮಡಿಕೇರಿಯ ಸನ್ನಿಸೈಡ್ ಮನೆ ಈಗ ಅವರ ಮ್ಯೂಸಿಯಂ. ಹುಡುಗರಲ್ಲಿ ಇಬ್ಬರು ಅಲ್ಲಿಗೆ ಹೋಗಿದ್ದರು, ಹೊರಗಿನ ಟ್ಯಾಂಕಿನ ಮುಂದೆ ಸೆಲ್ಫಿ ತೆಗೆದು ಬಂದಿದ್ದರು. ನಮ್ಮ ಬೀದಿಯ ನಿವೃತ್ತ ಸುಬೇದಾರ್ ಮಾವ ಅಂದು ಜಗಲಿಯಲ್ಲೇ ಇದ್ದರು. ಹಿಮದ ಗಡಿಯಲ್ಲಿ ಎರಡು ಚಳಿಗಾಲ ಕಳೆದವರು. ಇಷ್ಟೆಲ್ಲ ಕೇಳಿದ ಮೇಲೆ ಒಂದೇ ಮಾತು ಕೇಳಿದರು. "ಎಷ್ಟು ಗಂಟೆಗೆ ವಾಪಸು ತಿರುಗ್ತೀರಿ ಮಕ್ಕಳೇ?"

ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಡಿಸೆಂಬರಿನಲ್ಲಿ ನಮಗೆ ಹಗಲು ಹನ್ನೊಂದೂವರೆ ಗಂಟೆ ಹತ್ತಿರ ಇದ್ದರೆ ಅಲ್ಲಿ ಹತ್ತು ಗಂಟೆ ಚಿಲ್ಲರೆ. ಸಂಜೆ ಐದೂವರೆಗೆ ಮೊದಲೇ ಸೂರ್ಯ ಹೋಗಿರುತ್ತಾನೆ, ಬೆಟ್ಟದ ನೆರಳು ಅದಕ್ಕೂ ಮೊದಲೇ. ಹಿಮದಲ್ಲಿ ನಡೆಯುವುದಕ್ಕೆ ಒಣ ದಾರಿಯ ಒಂದೂವರೆ, ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ನಾಲ್ಕುನಾಡು ಅರಮನೆಯಿಂದ ತಡಿಯಂಡಮೋಳ್ ಹತ್ತಿ ಇಳಿದ ಲೆಕ್ಕವನ್ನು ಅಲ್ಲಿಗೆ ಹಾಕಬಾರದು. ಇಳಿಯುವಾಗ ಬೀಳುವವರೇ ಜಾಸ್ತಿ, ಕಾಲು ಸೋತಿರುತ್ತದೆ, ಗುರಿ ಮುಗಿದ ಖುಷಿಯಲ್ಲಿ ಗಮನ ಇರುವುದಿಲ್ಲ. ಮೆತ್ತನೆಯ ಹಿಮದಲ್ಲಿ ಹಿಮ್ಮಡಿ ಬಲವಾಗಿ ಊರಿ, ಮಂಡಿ ಸ್ವಲ್ಪ ಬಗ್ಗಿಸಿ ಇಳಿಯಬೇಕು. ಹೆದರಿ ಹಿಂದಕ್ಕೆ ವಾಲಿದರೆ ಕುಂಡೆ ನೆಲಕ್ಕೆ. ಗಟ್ಟಿ ಹಿಮದಲ್ಲಿ ಸ್ಪೈಕ್ಸ್ ಹಾಕಿದ ಪಾದ ಪೂರ್ತಿ ಚಪ್ಪಟೆಯಾಗಿ ತಾಗಬೇಕು. ಕೂತು ಜಾರುವ ಆಟ ವಿಡಿಯೊದಲ್ಲಿ ಚೆಂದ. ಒಂದು ಗೇಣು ಹಿಮದ ಕೆಳಗೆ ಕಲ್ಲುಗಳಿವೆ ಅನ್ನುವುದು ಆಗ ಬೆನ್ನಿನ ಮೂಳೆಗೆ ಗೊತ್ತಾಗುತ್ತದೆ. ಸ್ಪೈಕ್ಸ್ ಹಾಕಿಕೊಂಡು ಜಾರಿದರೆ ಮುಳ್ಳು ಕಚ್ಚಿ ಕಾಲೇ ಮುರಿಯಬಹುದು.

ಮಾವನ ಲೆಕ್ಕ ಸರಳ. ಹೊರಡುವ ಹಿಂದಿನ ರಾತ್ರಿ, ಹೊಟ್ಟೆ ತುಂಬಿ ತಲೆ ತಣ್ಣಗಿರುವಾಗ, ಒಂದು ಹೊತ್ತು ಗೊತ್ತು ಮಾಡಬೇಕು. ಒಂಬತ್ತು ಗಂಟೆ ಅಂದರೆ ಒಂಬತ್ತು. ತುದಿ ಐವತ್ತು ಮೀಟರ್ ಇದ್ದರೂ ತಿರುಗಬೇಕು. ನಾಲ್ವರಲ್ಲಿ ಒಬ್ಬ ಬೇಡ ಅಂದರೆ ಅದಕ್ಕೂ ಮೊದಲೇ ತಿರುಗಬೇಕು. ಮೇಲೆ ಹೋಗಿ ಮತ ಹಾಕುವ ಹಾಗಿಲ್ಲ, ಅಲ್ಲಿ ತಲೆಗೆ ಹೋಗುವ ಆಮ್ಲಜನಕವೇ ಕಡಿಮೆ.

ಹುಡುಗರು ಟಿಕೆಟ್ ರದ್ದು ಮಾಡಲಿಲ್ಲ, ನಾನೂ ಹೇಳಲಿಲ್ಲ. ಆ ಭಾನುವಾರ ನಾಲ್ವರೂ ಬೆನ್ನಿಗೆ ಎಂಟೆಂಟು ಕೆಜಿ ಹೊತ್ತು ಕಕ್ಕಬ್ಬೆ ಕಡೆಯಿಂದ ತಡಿಯಂಡಮೋಳ್ ಹತ್ತಿದರು. ಹೊಸ ಶೂ ಒಬ್ಬನ ಹಿಮ್ಮಡಿ ಕಚ್ಚಿತ್ತು. ಮೇಲೆ ಮಂಜು, ನಮ್ಮ ಮಂಜು, ಏನೂ ಕಾಣಲಿಲ್ಲವಂತೆ. ಹನ್ನೊಂದು ಗಂಟೆ ಅಂತ ಗೊತ್ತು ಮಾಡಿದ್ದರು. ತುದಿಗೆ ಇನ್ನೊಂದು ಏರು ಬಾಕಿ ಇರುವಾಗ ಹನ್ನೊಂದು ಹೊಡೆಯಿತು. ತಿರುಗಿ ಬಂದರು, ಬೈದುಕೊಳ್ಳುತ್ತಾ.